ಉಸಿರು ಬಿಡುತ್ತಿದ್ದ ಬಾವಿ

ರೈತರ ಎದುರು 'ಗೊತ್ತಿಲ್ಲ' ಎನ್ನಬಾರದು ಎಂದು ನನಗೆ ಕಲಿಸಿದವರು ನನ್ನ ಮೊದಲ ಮೇಲಧಿಕಾರಿ. ತೊಂಬತ್ತರ ದಶಕದ ಆರಂಭದಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಗೆ ನಾನು ಸಹಾಯಕ ಕೃಷಿ ಅಧಿಕಾರಿಯಾಗಿ ಹೋದೆ. ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೋಡಮ್ಮ, ನೀನು ಹೆಂಗಸು. ಅದೂ ದೇವಸ್ಥಾನದ ಬೀದಿಯಿಂದ ಬಂದವಳು. ಒಂದು ಸಲ ತಡವರಿಸಿದರೆ ಸಾಕು, ಆಮೇಲೆ ಗೌಡರುಗಳು ನಿನ್ನ ಮಾತು ಕೇಳಲ್ಲ. ಏನೇ ಕೇಳಲಿ, ಥಟ್ಟಂತ ಉತ್ತರ ಬರಬೇಕು," ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಮೇಷ್ಟ್ರು, ಚಿಕ್ಕಪ್ಪ ಅರ್ಚಕರು. ಹೊಲಕ್ಕಿಳಿದವರು ಒಬ್ಬರೂ ಇಲ್ಲ. ನನಗಿದ್ದದ್ದು ಕಾಲೇಜಿನಲ್ಲಿ ಕಲಿತ ಬೇಸಾಯ, ಜೊತೆಗೆ ಗಟ್ಟಿ ದನಿ. ಆಗ ಕೆಲಸದ ರೀತಿಯೂ ಅದಕ್ಕೆ ಹೊಂದಿಕೊಂಡಿತ್ತು. ಹದಿನೈದು ದಿನಕ್ಕೊಮ್ಮೆ ಪಟ್ಟಣದಲ್ಲಿ ನಮಗೆ ಪಾಠ. ಅಲ್ಲಿ ಬರೆದುಕೊಂಡದ್ದನ್ನು ಹಳ್ಳಿಗೆ ಹೋಗಿ ಒಪ್ಪಿಸುವುದು. ನಾವು ಹೇಳುವವರು, ರೈತರು ಕೇಳುವವರು. ಹದಿನೈದು ವರ್ಷ ಹೀಗೇ ನಡೆಯಿತು. ಗೊತ್ತಿದ್ದದ್ದನ್ನೂ ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ. ಎರಡೂ ಒಂದೇ ದನಿಯಲ್ಲಿ ಬರುವಷ್ಟು ಪಳಗಿದ್ದೆ.

ಎರಡು ಸಾವಿರದ ದಶಕದ ಕೊನೆಯ ಭಾಗದಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಹವಾಮಾನ ಬದಲಾವಣೆಯ ಬಗ್ಗೆ ರಾಷ್ಟ್ರೀಯ ನೀತಿ ತಯಾರಾಗುತ್ತಿದೆ, ರೈತರ ಮತ್ತು ಅರಣ್ಯ ಸಿಬ್ಬಂದಿಯ ಅಭಿಪ್ರಾಯ ಸಂಗ್ರಹಿಸಿ ಕಳಿಸಬೇಕು ಎಂದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ಅರಣ್ಯದ ಕಡೆಯಿಂದ ನನ್ನ ಜೊತೆ ಕೊಟ್ಟದ್ದು ನಂಜೇಗೌಡರು ಎಂಬ ಫಾರೆಸ್ಟರನ್ನು. ನಿವೃತ್ತಿಗೆ ಹತ್ತಿರವಿದ್ದ, ಮಾತು ಕಡಿಮೆ ಆಡುವ ಮನುಷ್ಯ. ಅಂಗಿಯ ಜೇಬಿನಲ್ಲಿ ಸದಾ ಒಂದು ಸಣ್ಣ ಡೈರಿ. ಯಾವ ಮರ ಎಂದು ಚಿಗುರಿತು, ಎಂದು ಹೂ ಬಿಟ್ಟಿತು ಎಂದು ಬರೆದಿಡುವುದು ಅವರ ಅಭ್ಯಾಸ.

ಮೊದಲ ಸಭೆ ಹಳ್ಳಿಮೈಸೂರಿನಲ್ಲಿ. ಅಚ್ಚಾಗಿ ಬಂದಿದ್ದ ಪ್ರಶ್ನೆಗಳನ್ನು ನಾನು ಇದ್ದ ಹಾಗೆಯೇ ಓದಿದೆ. "ಹಸಿರುಮನೆ ಅನಿಲಗಳ ಬಗ್ಗೆ ತಮಗೆ ಅರಿವಿದೆಯೇ? ಹೌದು ಅಥವಾ ಇಲ್ಲ." ಹಿಂದೆ ಕೂತಿದ್ದ ಒಬ್ಬಾತ ಎದ್ದು, "ಅನಿಲ ಅಂದ್ರೆ ಸಿಲಿಂಡ್ರಾ ಮೇಡಮ್ಮೋರೆ? ನಮ್ಮನೇಗಿನ್ನೂ ಬಂದಿಲ್ಲ ಕಣ್ರಮ್ಮ, ಇಲ್ಲ ಅಂತ್ಲೇ ಬರ್ಕಳಿ," ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ, 'ಇಲ್ಲ' ಎಂದೇ ಬರೆದುಕೊಂಡೆ.

ಕೊರವಂಗಲದ ಕಡೆ ಆಲೂಗಡ್ಡೆ ಬೆಳೆಯುವವರ ಸಭೆಯಲ್ಲಿ ನಗು ಬರಲಿಲ್ಲ. ಮಳೆಯಲ್ಲಿ ಬದಲಾವಣೆ ಕಂಡಿದ್ದೀರಾ ಎಂದು ಕೇಳಿದಾಗ ವಯಸ್ಸಾದ ರೈತರೊಬ್ಬರು, "ಮಳೆ ಬತ್ತದೆ ಕಣವ್ವ. ಬರಲ್ಲ ಅಂತ ನಾ ಏಳಲ್ಲ. ಆದ್ರೆ ಮುಂಚೆ ಬತ್ತಿದ್ದ ಮಳೆಗೆ ನಮ್ ಗುರ್ತಿತ್ತು. ಇದ್ಕಿಲ್ಲ," ಎಂದರು. ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. 'ಹೌದು' ಎಂಬುದಕ್ಕೆ ಗುರುತು ಹಾಕಿದೆ. ಆದರೂ ಜೀಪಿನಲ್ಲಿ ವಾಪಸು ಬರುವಾಗ ಅವರ ಮಾತು ತಲೆಯಿಂದ ಹೋಗಲಿಲ್ಲ.

ಆಮೇಲೆ ಅರಕಲಗೂಡಿನ ಕಾಡಂಚು. ನಂಜೇಗೌಡರು ತಮ್ಮ ಸಿಬ್ಬಂದಿಯ ಮಾತು ಕೇಳಿಸುವ ಮೊದಲು ಒಂದು ಜಾಗ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದರು. ಸುಡುವ ಮಧ್ಯಾಹ್ನ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಬಿದಿರು ಮೆಳೆಯ ಒಳಗೆ ಹತ್ತು ಹೆಜ್ಜೆ ಹಾಕಿದ್ದೇ ತಡ, ಸುತ್ತಲೂ ತುಂತುರು ಮಳೆಯ ಸದ್ದು ಶುರುವಾಯಿತು. ನಾನು ಅಂಗೈ ಚಾಚಿದೆ. ಕೈ ಒಣಗಿಯೇ ಇತ್ತು. ತಲೆ ಎತ್ತಿ ನೋಡಿದರೆ ಬಿದಿರಿಗೆ ಒಂದೇ ಒಂದು ಹಸಿರೆಲೆ ಇರಲಿಲ್ಲ; ಗಳುಗಳೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಆ ಸದ್ದು ಮಾತ್ರ ನಿಲ್ಲದೆ ಸುರಿಯುತ್ತಿತ್ತು. ಒಂದು ಹಕ್ಕಿಯ ದನಿ ಇಲ್ಲ.

"ಬಿದಿರಕ್ಕಿ ಉದುರ್ತಾ ಐತೆ ಮೇಡಂ," ಎಂದರು ನಂಜೇಗೌಡರು. "ಹೂ ಬಿಟ್ಟು, ಅಕ್ಕಿ ಕಟ್ಟಿ, ಎಲ್ಲಾ ಒಟ್ಟಿಗೇ ಸಾಯ್ತವೆ. ಒಂದನ್ನೂ ಉಳಿಸಲ್ಲ."

ಕಾಲ ಬಳಿ ಏನೋ ಸರಿದಂತಾಯಿತು. ಇಲಿಗಳು. ಹಾಡಹಗಲಿನಲ್ಲಿ, ನಮ್ಮನ್ನು ಕಂಡರೂ ಓಡದೆ, ಕಾಳು ಮೆಲ್ಲುತ್ತ ನಮ್ಮನ್ನೇ ನೋಡುತ್ತಿದ್ದವು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನೀತಿಗೆ ಬೇಕಾದ ಸಾಕ್ಷಿ ಸಿಕ್ಕಿತು ಎಂದುಕೊಂಡು ಪೆನ್ನು ತೆಗೆದೆ. ನಂಜೇಗೌಡರು ತಡೆದರು.

"ಇದನ್ನ ಹವಾಮಾನದ ತಲೆಗೆ ಕಟ್ಟಬೇಡಿ ಮೇಡಂ. ಬಿದಿರಿಗೆ ಅದರದೇ ಆಯಸ್ಸು ಅಂತ ಐತೆ. ನಮ್ಮ ತಾತನೂ ಒಂದ್ಸಲ ಕಂಡಿದ್ರು. ಮುತ್ತುಗದ ಹೂ ಹೊತ್ತು ತಪ್ಪಿರೋದು ನನ್ ಡೈರೀಲೈತೆ, ಅದನ್ನ ಬರೀರಿ. ಹೆದರಿಕೆ ಆಯ್ತು ಅಂತ ಸುಳ್ಳು ಬರೀಬಾರದು."

ಅಂಥ ಮನುಷ್ಯ ನನ್ನ ಪಕ್ಕದಲ್ಲಿದ್ದರು. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಊರಿಗೆ ಮೊದಲ ಸಲ ಹೋದ ದಿನ ಮಾತ್ರ ಅವರು ಜೊತೆಗಿರಲಿಲ್ಲ. ಎಲ್ಲೋ ಕಾಡಿಗೆ ಬೆಂಕಿ ಬಿದ್ದಿತ್ತು, ಹೋಗಿದ್ದರು. ಊರಿನ ಹೆಸರು ಇಲ್ಲಿ ಬೇಡ. ರಾಗಿ, ಹುರುಳಿ, ಒಂದಷ್ಟು ತೆಂಗು ಇರುವ ಒಣಭೂಮಿಯ ಊರು.

ಶಾಲೆಯ ಜಗುಲಿಯ ಮೇಲೆ ಸಭೆ ಕೂಡಿತ್ತು. ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕಿ ಕೈ ಎತ್ತಿದರು. ತಾಯಮ್ಮ ಅಂತ ಹೆಸರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ಪುಟ್ಟೇಗೌಡನ ಜೊತೆ ಸೇರಿ ಬೇಸಾಯ ಮಾಡಿಸುತ್ತಿದ್ದರು.

"ಮಳೆ ಇಚಾರ ನಮ್ಮುನ್ನ ಯಾಕವ್ವ ಕೇಳ್ತೀಯ? ನಮ್ ಬಾವೀನ ಕೇಳು," ಎಂದರು.

ಯಾರೂ ನಗಲಿಲ್ಲ. ಅದೇ ನನಗೆ ವಿಚಿತ್ರವೆನಿಸಿದ್ದು.

ಅವರ ಹೊಲದಲ್ಲಿ ಕಲ್ಲು ಕಟ್ಟಿದ ಹಳೆಯ ತೆರೆದ ಬಾವಿ. ನೀರು ಬತ್ತಿ ವರ್ಷಗಳಾಗಿದ್ದವು. ದನಕರು ಬೀಳದಿರಲೆಂದು ಬಾಯಿಗೆ ಚಪ್ಪಡಿ ಎಳೆದಿದ್ದರು. ಒಂದು ಮೂಲೆಯಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಸಂದು ಬಿಟ್ಟಿತ್ತು. ನಾವು ಹತ್ತಿರ ಹೋದಾಗ ಒಂದು ಸದ್ದು ಕೇಳಿತು. ಮಲಗಿದವರು ನಿಧಾನವಾಗಿ ಉಸಿರು ಬಿಟ್ಟಂತೆ, ಆದರೆ ಮುಗಿಯದ ಉಸಿರು. ತಾಯಮ್ಮ ಸೆರಗಿನ ತುದಿಯನ್ನು ಆ ಸಂದಿನ ಮೇಲೆ ಹಿಡಿದರು. ಸೆರಗು ಮೆಲ್ಲಗೆ ಮೇಲೆದ್ದು ನಿಂತಿತು. ಹೊಲದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. ಉಗುರುಬೆಚ್ಚಗಿನ ಗಾಳಿ ಅಂಗೈಗೆ ತಾಗಿತು. ಮುಗ್ಗಲು ವಾಸನೆ.

"ನಮ್ಮತ್ತೆ ಕಾಲ್ದಾಗೆ ಇಂಗಿರ್ಲಿಲ್ಲ. ನೀರಿದ್ದಾಗ ಸುಮ್ಗಿತ್ತು. ನೀರು ಓದ್ಮ್ಯಾಕೆ ಉಸ್ರಾಡಕ್ ಸುರು ಮಾಡ್ತು. ಮಳೆ ಬರೋ ಮುಂದೆ ಇಂಗೆ ಬಿಡ್ತದೆ. ಮಳೆ ಓದ್ರೆ ಒಳಕ್ ಎಳ್ಕೊತದೆ. ಇದು ಬಿಡೋವಾಗ ಯಾರೂ ಇಳೀಬಾರ್ದು ಕಣವ್ವ," ಎಂದರು ತಾಯಮ್ಮ.

ಆಗ ಮಗ ಪುಟ್ಟೇಗೌಡ ಮುಂದೆ ಬಂದ. ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. "ನೋಡಿ ಮೇಡಂ, ಇವರದ್ದು ಇದೇ ಆಯ್ತು. ಬಾವಿ ಹೂಳು ತೆಗೆದು ತಳದಾಗೆ ಒಂದ್ ಬೋರ್ ಹಾಕುಸ್ಬೇಕು ಅಂತ ನಾನು. ಇಳೀಬ್ಯಾಡ, ದೀಪ ಬಿಟ್ ನೋಡು, ಆವತ್ ನೋಡು ಈವತ್ ನೋಡು ಅಂತ ಇವ್ರು. ತೆಂಗಿನ ಗಿಡ ಒಣಗ್ತಾವೆ. ನೀವು ಓದಿರೋರು, ಒಂದ್ ಮಾತ್ ಏಳಿ."

ಸುತ್ತಲೂ ಊರಿನವರೆಲ್ಲ ನನ್ನ ಬಾಯಿ ನೋಡುತ್ತ ನಿಂತಿದ್ದರು. ಆ ಗಾಳಿ ಎಲ್ಲಿಂದ ಬರುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಆದರೆ ಹದಿನೈದು ವರ್ಷದ ಅಭ್ಯಾಸ ಸುಮ್ಮನಿರಲು ಬಿಡಲಿಲ್ಲ.

"ನೋಡಿ ತಾಯಮ್ಮ, ಬಾವಿ ಅಂದರೆ ಕಲ್ಲು, ಮಣ್ಣು. ಅದು ಉಸಿರಾಡಲ್ಲ. ಸಂದಿಯಲ್ಲಿ ಗಾಳಿ ಸುತ್ತಿದರೆ ಹೀಗೆ ಸದ್ದು ಬರುತ್ತೆ, ಅಷ್ಟೆ. ದೀಪ ಗೀಪ ಏನೂ ಬೇಕಾಗಿಲ್ಲ. ಹಗ್ಗ ಕಟ್ಟಿಕೊಂಡು ಹುಷಾರಾಗಿ ಇಳಿದರೆ ಆಯಿತು," ಎಂದೆ.

ತಾಯಮ್ಮ ನನ್ನ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು.

ಮಾರನೆಯ ದಿನ ಆ ಊರಿನ ಸುತ್ತ ಮಳೆಯಾಯಿತೆಂದು ಕೇಳಿದೆ. ರೇಡಿಯೋದಲ್ಲಿ ಒಣಹವೆ ಎಂದಿದ್ದರು. ನಾನು ಅದರ ಬಗ್ಗೆ ಯೋಚಿಸಲು ಹೋಗಲಿಲ್ಲ.

ಎರಡು ವಾರ ಕಳೆದು, ಸಹಿ ಮಾಡಿಸಬೇಕಿದ್ದ ಹಾಳೆಗಳನ್ನು ಹಿಡಿದು ಮತ್ತೆ ಹೋದೆವು. ಈ ಸಲ ನಂಜೇಗೌಡರು ಜೊತೆಗಿದ್ದರು. ಬೆಳಗಿನ ಹತ್ತು ಗಂಟೆ ಇರಬಹುದು. ಮೋಡ ಕವಿದು, ಗಾಳಿ ನಿಂತು, ಮೈಗೆ ಬಟ್ಟೆ ಅಂಟುವಷ್ಟು ಸೆಕೆ. ತಾಯಮ್ಮನ ಹೊಲದ ಬಳಿ ಜನ ಕಂಡರು. ಕಲ್ಲು ಕೊರೆಯುವ ಕಂಪ್ರೆಸರ್ ಹೊತ್ತ ಟ್ರ್ಯಾಕ್ಟರ್ ನಿಂತಿತ್ತು. ಚಪ್ಪಡಿ ಸರಿಸಿದ್ದರು. ಪುಟ್ಟೇಗೌಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಯ ಗೋಡೆಯ ಮೆಟ್ಟುಗಲ್ಲಿನ ಮೇಲೆ ಕಾಲಿಟ್ಟಿದ್ದ. ನನ್ನನ್ನು ಕಂಡು, "ಬಂದ್ರಾ ಮೇಡಂ? ಇಳೀತಾ ಇವ್ನಿ ನೋಡಿ," ಎಂದು ನಕ್ಕು, ಕೆಳಗೆ ಮರೆಯಾದ.

ಬಾವಿ ಉಸಿರು ಬಿಡುತ್ತಿತ್ತು. ದೂರದಿಂದಲೇ ಕೇಳುವಷ್ಟು ಜೋರಾಗಿ.

ನಂಜೇಗೌಡರು ನಿಂತಲ್ಲೇ ನಿಂತರು. "ದೀಪ ಬಿಟ್ಟು ನೋಡಿದ್ರೇನ್ರೀ?" ಎಂದು ಕೇಳಿದರು.

ಹಗ್ಗ ಹಿಡಿದಿದ್ದವನು ಪುಟ್ಟೇಗೌಡನ ಭಾವಮೈದುನ ಕೆಂಪರಾಜು. "ಮೇಡಮ್ಮೋರೇ ಬ್ಯಾಡ ಅಂದಿದ್ರು ಸಾ," ಎಂದ. ಎಲ್ಲರೂ ನನ್ನ ಕಡೆ ತಿರುಗಿದರು.

"ಪುಟ್ಟೇಗೌಡಾ!" ನಂಜೇಗೌಡರು ಬಗ್ಗಿ ಕೂಗಿದರು. ಕೆಳಗಿನಿಂದ "ಊಂ" ಎಂದು ಉತ್ತರ ಬಂತು. ಮತ್ತೆ ಕೂಗಿದರು. "ಊಂ..." ಎಂಬ ಸದ್ದು ಎಳೆದುಕೊಂಡು ಹೋಯಿತು. ಮೂರನೇ ಸಲ ಉತ್ತರವಿಲ್ಲ. ಕೆಂಪರಾಜುವಿನ ಕೈಯಲ್ಲಿ ಹಗ್ಗ ಒಮ್ಮೆಲೇ ಭಾರವಾಯಿತು.

"ಭಾವಾ!" ಎಂದು ಚೀರಿ ಅವನು ಹಗ್ಗವನ್ನು ಪಕ್ಕದವರ ಕೈಗೆ ತುರುಕಿ ಬಾವಿಗೆ ಹಾರಹೊರಟ. ನಂಜೇಗೌಡರು ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿ ಮೇಲೆ ಕೂತುಬಿಟ್ಟರು. "ಸುಮ್ಕಿರ್ಲಾ! ಇಳಿದ್ರೆ ನೀನೂ ಓಯ್ತೀಯ! ಗಾಳಿ ಕೆಟ್ಟೈತೆ! ಕಂಪ್ರೆಸರ್ ಪೈಪ್ ಬಿಡ್ರೋ ಕೆಳಕ್ಕೆ, ಗಾಳಿ ಒಡೀರೋ!"

ಟ್ರ್ಯಾಕ್ಟರ್ ಗುಡುಗಿತು. ಪೈಪು ಕೆಳಗಿಳಿದು ಗಾಳಿ ಭೋರ್ಗರೆಯಿತು. ಆರೇಳು ಜನ ಹಗ್ಗ ಎಳೆದರು. ಅರ್ಧಕ್ಕೆ ಬಂದು ಹಗ್ಗ ಮೆಟ್ಟುಗಲ್ಲಿಗೆ ಸಿಕ್ಕಿಕೊಂಡಿತು. ಸಡಿಲ ಬಿಟ್ಟು ಮತ್ತೆ ಎಳೆದರು. ನಾನೂ ಹಗ್ಗ ಹಿಡಿದಿದ್ದೆ. ತಾಯಮ್ಮ ಮಾತ್ರ ಅಲುಗದೆ, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಒಂದೇ ಒಂದು ಸದ್ದು ಹೊರಡಿಸಲಿಲ್ಲ.

ಮೇಲೆ ಬಂದಾಗ ಪುಟ್ಟೇಗೌಡನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಣ್ಣು ಅರೆ ತೆರೆದಿತ್ತು. ಅವನನ್ನು ಮಲಗಿಸುವಾಗ ಯಾರೋ ಟ್ರ್ಯಾಕ್ಟರ್ ಆರಿಸಿದರು. ಆ ನಿಶ್ಶಬ್ದದಲ್ಲಿ ನಮಗೆಲ್ಲ ಕೇಳಿದ್ದು ಒಂದೇ. ನೆಲದ ಮೇಲಿದ್ದ ಮನುಷ್ಯನಿಗೆ ಉಸಿರಿರಲಿಲ್ಲ. ಬಾವಿ ಉಸಿರಾಡುತ್ತಲೇ ಇತ್ತು.

ನಂಜೇಗೌಡರು ಅವನ ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಊದಿದರು, ಮತ್ತೆ ಒತ್ತಿದರು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಒಂದು ಕೆಮ್ಮು ಬಂತು. ಎತ್ತಿ ನಮ್ಮ ಜೀಪಿಗೆ ಹಾಕಿಕೊಂಡೆವು. ಚನ್ನರಾಯಪಟ್ಟಣದ ಆಸ್ಪತ್ರೆಯಿಂದ ಹಾಸನಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಮಳೆ ಸುರಿಯಿತು.

ಅವನಿಗೆ ಪೂರ್ತಿ ಎಚ್ಚರವಾದದ್ದು ಮೂರನೆಯ ದಿನ. ನಾನೂ ಆಸ್ಪತ್ರೆಯಲ್ಲೇ ಇದ್ದೆ. ತಾಯಿಯನ್ನು ಗುರುತು ಹಿಡಿದು, ಒಂದೊಂದೇ ಮಾತನ್ನು ಹುಡುಕಿ ತೆಗೆದವನಂತೆ ಕೇಳಿದ: "ಯಾಕವ್ವ... ಅಷ್ಟೊಂದ್ ಕೂಗ್ದೆ?"

"ನಾನ್ ಕೂಗ್ನಿಲ್ಲ ಕಣ್ಲಾ ಮಗ."

"ಕೂಗ್ದೆ. ಪುಟ್ಟಾ, ಬಾ ಅಂತ. ಅದ್ಕೇ ಇಳ್ದೆ. ನೀನು ಮ್ಯಾಲಿರ್ಲಿಲ್ಲ. ಕೆಳಗಿದ್ದೆ."

ತಾಯಮ್ಮ ಅವನ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡರು. ಉಸಿರು ಕಟ್ಟಿದ ಮಿದುಳಿಗೆ ಹೀಗೆಲ್ಲ ಕೇಳಿಸುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಇರಬಹುದು. ನಾನು ಆ ವಾರ್ಡಿನಿಂದ ಹೊರಗೆ ಬಂದೆ.

ತಾಯಮ್ಮ ನನ್ನ ಹಿಂದೆಯೇ ಬಂದರು. "ತಪ್ಪು ನನ್ನದು ತಾಯಮ್ಮ," ಎಂದೆ. "ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬೇಕಾಗಿತ್ತು."

ಅವರು ತಲೆ ಅಲ್ಲಾಡಿಸಿದರು. "ನಂಗ್ ಗೊತ್ತಿತ್ತು ಕಣವ್ವ. ಹಗೇವಿನಾಗೆ ರಾಗಿ ತುಂಬ್ತಿದ್ದ ಕಾಲ್ದೋಳು ನಾನು. ನೆಲದಾಗಿನ ಆ ಗುಂಡಿ ಬಾಯಿ ತೆಗುದ್ರೆ ದೀಪ ಬಿಡ್ದೆ ಯಾರೂ ಇಳೀತಿರ್ಲಿಲ್ಲ. ದೀಪ ಆರ್ದ್ರೆ ಗಾಳಿ ಕೆಟ್ಟೈತೆ ಅಂತ. ಗೊತ್ತಿದ್ದೂ ಬಾಯ್ ಮುಚ್ಕೊಂಡೆ. ಓದಿರೋಳು ಏಳ್ತಾವ್ಳೆ, ನಂದೇನು ಅಂತ. ಆ ಪಾಪ ನಂದು, ಅದುನ್ನ ನೀನು ಒತ್ಕೊಬ್ಯಾಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪುಟ್ಟೇಗೌಡ ಬದುಕಿದ. ಬೇಸಾಯಕ್ಕೂ ಮರಳಿದ. ಆದರೆ ಮಾತು ಮೊದಲಿನಂತೆ ಓಡುತ್ತಿರಲಿಲ್ಲ. ಒಂದು ಪದ ಆಡಿ ಇನ್ನೊಂದಕ್ಕೆ ಕಾಯುತ್ತಿದ್ದ.

ಹಾಸನದ ಕಾಲೇಜೊಂದರಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದ ಪರಿಚಯದವರೊಬ್ಬರನ್ನು ಹುಡುಕಿಕೊಂಡು ಹೋದೆ. ಈ ಸಲ ಕೇಳಲು ಹೋದವಳು ನಾನು. ಅವರು ಸರಳವಾಗಿ ಬಿಡಿಸಿ ಹೇಳಿದರು. ನೆಲದೊಳಗಿನ ಬಂಡೆಯ ಬಿರುಕು, ಪೊಳ್ಳುಗಳಲ್ಲಿ ಮೊದಲು ನೀರಿರುತ್ತಿತ್ತು. ನೀರು ಇಳಿದ ಮೇಲೆ ಅಲ್ಲೆಲ್ಲ ಗಾಳಿ ತುಂಬಿತು. ಮಳೆಗೆ ಮುಂಚೆ ವಾತಾವರಣದ ಒತ್ತಡ ತಗ್ಗಿದಾಗ ಆ ಗಾಳಿ ಹೊರಗೆ ಬರುತ್ತದೆ. ಒತ್ತಡ ಏರಿದರೆ ಹೊರಗಿನ ಗಾಳಿ ಒಳಹೋಗುತ್ತದೆ. ಬಹುಕಾಲ ನೆಲದೊಳಗಿದ್ದ ಗಾಳಿಯಲ್ಲಿ ಪ್ರಾಣವಾಯು ತೀರಾ ಕಡಿಮೆ. "ಆ ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ಬಾವಿ ಉಸಿರಾಡುತ್ತೆ," ಎಂದರು. "ಎಷ್ಟು ಜೋರಾಗಿ ಉಸಿರಾಡುತ್ತೋ ಒಳಗೆ ಅಷ್ಟು ಖಾಲಿ ಅಂತ."

ಅಂದಮೇಲೆ, ಮಳೆ ಬದಲಾಗಿದೆಯೇ ಎಂದು ನಾನು ಕೇಳಿಕೊಂಡು ಬರಬೇಕಿದ್ದ ಪ್ರಶ್ನೆಗೆ ಆ ನಾಲ್ಕು ತಾಲ್ಲೂಕಿನಲ್ಲಿ ಸಿಕ್ಕ ಅತ್ಯಂತ ನೇರವಾದ ಉತ್ತರ ಅದೇ ಆಗಿತ್ತು. ಎರಡು ಪುಟ ಬರೆದೆ. ಮಳೆಯ ಹೊತ್ತು ತಪ್ಪಿದ್ದು ಒಂದು ಕಡೆ, ನಾವೇ ಬೋರು ಹಾಕಿ ಹೀರಿದ್ದು ಇನ್ನೊಂದು ಕಡೆ, ಎರಡನ್ನೂ ಬರೆದೆ. ಬಿದಿರು ಮೆಳೆಯಲ್ಲಿ ನಂಜೇಗೌಡರು ಹೇಳಿದ್ದು ನೆನಪಿತ್ತು. ನನ್ನ ತಪ್ಪನ್ನೂ ಬರೆದೆ.

ಆಗಿದ್ದ ಮೇಲಧಿಕಾರಿ ಓದಿ ಕನ್ನಡಕ ತೆಗೆದಿಟ್ಟರು. "ಬಾವಿ ಉಸಿರಾಡುತ್ತೆ ಅಂತ ದೆಹಲಿಗೆ ಕಳಿಸೋಕಾಗುತ್ತೇನಮ್ಮ? ಅಲ್ಲಿ ಕೇಳಿರೋದು ಹೌದು, ಇಲ್ಲ. ಎಷ್ಟು ಜನ ಹೌದು ಅಂದರು, ಎಷ್ಟು ಜನ ಇಲ್ಲ ಅಂದರು ಅಂತ ಕೊಡಿ ಸಾಕು." ಕೆಟ್ಟವರೇನಲ್ಲ. ಆ ಎರಡು ಪುಟ ನನ್ನ ಸೇವಾ ದಾಖಲೆಗೆ ಮಸಿ ಬಳಿಯುತ್ತದೆ, ಹರಿದುಹಾಕಿ ಎಂದೂ ಹೇಳಿದರು. ಹರಿಯಲಿಲ್ಲ. ಇನ್ನೊಮ್ಮೆ ಕೊಟ್ಟೆ, ಲಗತ್ತು ಎಂದು ಬರೆದು. ಮುಂದೆ ಅದು ಎಲ್ಲಿಗೆ ಹೋಯಿತೋ ನನಗೆ ತಿಳಿಯಲಿಲ್ಲ.

ಒಂದಷ್ಟು ಕಾಲದ ಮೇಲೆ ನೀತಿಯ ಸಾರಾಂಶ ಎಂದು ತೆಳ್ಳಗಿನ ಪುಸ್ತಿಕೆಯೊಂದು ಕಚೇರಿಗೆ ಬಂತು. ಎತ್ತಿಕೊಂಡು ಬಸ್ಸು ಹತ್ತಿ ತಾಯಮ್ಮನ ಊರಿಗೆ ಹೋದೆ. ನಾನು ಪ್ರಶ್ನೆ ಕೇಳಿದ್ದವರಿಗೆ ಏನಾಯಿತೆಂದು ಹೇಳಬೇಕಲ್ಲ. ಅವರು ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಮೊರ ಪಕ್ಕಕ್ಕಿಟ್ಟು, "ಓದವ್ವ, ಕೇಳ್ತೀನಿ," ಎಂದರು.

ಮೊದಲಿಂದ ಕೊನೆವರೆಗೆ ಓದಿದೆ. ಕಷ್ಟದ ಮಾತುಗಳನ್ನು ಬಿಡಿಸಿ ಹೇಳಿದೆ. ತಾಯಮ್ಮ ಕಣ್ಣು ಮಿಟುಕಿಸದೆ ಕೇಳಿದರು. ಪುಟ್ಟೇಗೌಡ ಬಾಗಿಲಲ್ಲಿ ನಿಂತು ಕೇಳಿದ. ಓದಿ ಮುಗಿಸಿದಾಗ ತಾಯಮ್ಮ ಇನ್ನೂ ಏನೋ ಬರುತ್ತದೆಂದು ಕಾಯುವವರಂತೆ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಕೇಳಿದರು:

"ಚೆಂದಾಗೈತೆ. ಇದು ಯಾವ್ ದೇಸದ್ದು ತಾಯಿ?"

ಪುಸ್ತಿಕೆ ಮುಚ್ಚಿದೆ. "ನಮ್ಮದೇ ತಾಯಮ್ಮ," ಎಂದೆ.

"ಅಂಗಾ? ಅಂಗಾರೆ ಇದುನ್ನ ಬರ್ದೋರ್ನ ಒಂದ್ ದಪ ಕರ್ಕೊಂಡ್ ಬಾ. ಬಾವಿ ತಾವ ಕೂರುಸ್ತೀನಿ. ಮಾತಾಡೋದೇನೂ ಬ್ಯಾಡ. ಕೂತ್ಕೊಂಡ್ರೆ ಸಾಕು."

ಕೆಲಸದಲ್ಲಿ ಇದ್ದಷ್ಟು ವರ್ಷವೂ ಬಂದುಹೋದ ಅಧಿಕಾರಿಗಳನ್ನೆಲ್ಲ ಕರೆದೆ. ಒಬ್ಬರಿಗೂ ಬಿಡುವಾಗಲಿಲ್ಲ. ತಾಯಮ್ಮ ಈಗಿಲ್ಲ. ಬಾವಿ ಇದೆ, ಪುಟ್ಟೇಗೌಡನಿದ್ದಾನೆ. ಅವನು ನಿಧಾನವಾಗಿ ಮಾತಾಡುತ್ತಾನೆ, ಅವಸರ ಮಾಡಬಾರದು. ಇಲಾಖೆಗೆ ಈಗಷ್ಟೇ ಸೇರಿ ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಹೋಗಿ ಆ ಬಾವಿಯ ಹತ್ತಿರ ಕೂರುವುದಾದರೆ ಹೇಳಿ, ಚನ್ನರಾಯಪಟ್ಟಣದಿಂದ ಯಾವ ಬಸ್ಸು ಹಿಡಿಯಬೇಕೆಂದು ಬರೆದುಕೊಡುತ್ತೇನೆ.